ಅಲೆಗೆ ಕಟ್ಟಿದ ಕಬ್ಬಿಣದ ಡ್ರಮ್ಮು

ನಮ್ಮ ಪಕ್ಕದ ಮನೆಯ ಫಿಟ್ಟರ್ ಅಣ್ಣನಿಗೆ ಬಲಗೈ ಹೆಬ್ಬೆರಳಿನ ಉಗುರು ಇರಲಿಲ್ಲ. ಆ ಬೋಳು ಬೆರಳಿನಿಂದ ಕಬ್ಬಿಣವನ್ನು ಸವರಿ, ಎಲ್ಲಿ ಉಬ್ಬಿದೆ, ಎಲ್ಲಿ ತಗ್ಗಿದೆ ಎಂದು ಹೇಳಿಬಿಡುತ್ತಿದ್ದರು. ಭದ್ರಾವತಿಯ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದು ಕಲಿತ ವಿದ್ಯೆ ಅದು. ತೊಂಬತ್ತರ ದಶಕದ ಕೊನೆಯಲ್ಲಿ ನಿವೃತ್ತರಾದ ಮೇಲೂ ಶಿಫ್ಟಿನ ಸೈರನ್ ಕೂಗಿದರೆ ಜಗಲಿಯಿಂದ ಎದ್ದು ನಿಲ್ಲುತ್ತಿದ್ದರು. ಆಮೇಲೆ ನೆನಪಾಗಿ ಮತ್ತೆ ಕೂರುತ್ತಿದ್ದರು. ನೋಡಲಾಗುತ್ತಿರಲಿಲ್ಲ.

ಒಮ್ಮೆ ಸೊಸೆಯ ತವರಿಗೆಂದು ಹೊನ್ನಾವರಕ್ಕೆ ಹೋಗಿ ಬಂದವರು, ಚಪ್ಪಲಿಯನ್ನೂ ಬಿಡದೆ ನೇರ ನಮ್ಮ ಮನೆಗೆ ಬಂದರು.

"ಟೀಚರಮ್ಮ, ಆ ಸಮುದ್ರ ಮೂರು ಶಿಫ್ಟೂ ದುಡಿಯುತ್ತೆ ಕಣಮ್ಮ. ಕಟ್ಟಿಹಾಕಿದ ದೋಣೀನ ಎತ್ತಿ ಎತ್ತಿ ಇಳಿಸ್ತಾನೇ ಇರುತ್ತೆ. ಅದರ ಕೈಲಿ ಕರೆಂಟ್ ತೆಗೆಸ್ತೀನಿ!"

ಒಂದು ವರ್ಷ ಹಿತ್ತಲಲ್ಲೇ ಇದ್ದರು. ತೇಲಲು ಒಂದು ಕಬ್ಬಿಣದ ಡ್ರಮ್ಮು, ಅದಕ್ಕೊಂದು ಉದ್ದನೆಯ ತೋಳು, ತೋಳಿನ ತುದಿಗೆ ಸೈಕಲ್ಲಿನ ಫ್ರೀವೀಲು ಮತ್ತು ಡೈನಮೊ. ಡ್ರಮ್ಮು ಮೇಲೆದ್ದರೆ ಬಲ್ಬು ಉರಿಯಬೇಕು. ಆಯುಧಪೂಜೆಯ ದಿನ ಅದಕ್ಕೂ ಕುಂಕುಮ ಹಚ್ಚಿ, ಕುಂಬಳಕಾಯಿ ಒಡೆದರು. ಭದ್ರಾ ನಾಲೆಗೆ ಇಳಿಸಿ ಕೈಯಿಂದ ಅದುಮಿ ಅದುಮಿ ಬಿಟ್ಟಾಗ ಬಲ್ಬು ಉರಿಯಿತು.

ಶಿವಮೊಗ್ಗದ ಕಾಲೇಜಿನಲ್ಲಿ ನಾನು ಕೆಮಿಸ್ಟ್ರಿ ಮೇಡಂ. ಕಬ್ಬಿಣಕ್ಕೆ ಉಪ್ಪುನೀರು ಏನು ಮಾಡುತ್ತದೆಂದು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಯುವವಳು. "ಅಣ್ಣಾ, ಪ್ಲಾಸ್ಟಿಕ್ ಡ್ರಮ್ಮು ಹಾಕಬಹುದಿತ್ತಲ್ಲ?" ಎಂದೆ ಮೆಲ್ಲಗೆ.

"ಪ್ಲಾಸ್ಟಿಕ್ಕಾ? ಏನು ಮಾರಾಯ್ತಿ, ಭದ್ರಾವತಿಯೋನು ನಾನು! ತುಕ್ಕು ಹಿಡೀದಂಗೆ ರೆಡ್ ಆಕ್ಸೈಡ್ ಪೇಂಟು ಎರಡು ಕೋಟ್ ಹೊಡೆದಿದೀನಿ. ಸಾಲ್ದಾ?"

ಎಷ್ಟೋ ತಿಂಗಳ ಮೇಲೆ ಆ ಮುಖದಲ್ಲಿ ಕಳೆ ಬಂದಿತ್ತು. ನನಗೆ ಧೈರ್ಯ ಸಾಲಲಿಲ್ಲ. "ಸಾಕು ಅಣ್ಣಾ," ಎಂದುಬಿಟ್ಟೆ.

ಹೊನ್ನಾವರದ ದೋಣಿಕಟ್ಟೆಯಲ್ಲಿ ಅದು ಮೊದಲ ದಿನ ಉರಿಯಿತಂತೆ. ಮೀನುಗಾರರು ಚಪ್ಪಾಳೆ ಹೊಡೆದರಂತೆ. ಎರಡು ತಿಂಗಳು ಬಿಟ್ಟು ಹೋದಾಗ ಡ್ರಮ್ಮು ತೂತುಬಿದ್ದು ಮುಳುಗಿತ್ತು, ಫ್ರೀವೀಲು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಅದನ್ನು ಹೊತ್ತು ತಂದು ನನ್ನ ಮುಂದಿಟ್ಟರು. ಬೆರಳಿಟ್ಟು ಸವರಿದರು, ಪದರ ಪದರವಾಗಿ ಉದುರಿತು.

"ಕಬ್ಬಿಣಾನೇ ಹಿಂಗ್ ಮಾಡ್ತಲ್ಲಮ್ಮಾ. ನಿಂಗೆ ಗೊತ್ತಿತ್ತಾ?"

"ಇಲ್ಲ," ಎಂದೆ.

ಆಮೇಲೆ ಅವರು ಸ್ಪ್ಯಾನರ್ ಮುಟ್ಟಲಿಲ್ಲ. ಸೈರನ್ ಕೂಗಿದರೂ ಏಳುತ್ತಿರಲಿಲ್ಲ. ಎರಡು ವರ್ಷ ಹಾಗೇ ಗೋಡೆಗೊರಗಿ ಕೂತಿದ್ದು, ಒಂದು ಬೆಳಿಗ್ಗೆ ಹೋಗಿಬಿಟ್ಟರು.

ಹನ್ನೊಂದನೇ ದಿನ ಅವರ ಹೆಂಡತಿ ನನ್ನ ಕೈ ಹಿಡಿದುಕೊಂಡು ಹೇಳಿದರು: "ಪ್ಲಾಸ್ಟಿಕ್ ಹಾಕಿದ್ರೆ ಆಗ್ತಿತ್ತಲ್ಲ ಅಂತ ಮಗ ರೇಗಿದಾಗೆಲ್ಲ ಇವರದ್ದು ಒಂದೇ ಮಾತು. ಟೀಚರಮ್ಮನಿಗೇ ಗೊತ್ತಿರ್ಲಿಲ್ಲ ಕಣೋ, ನಂಗೆ ಹೆಂಗೆ ಗೊತ್ತಾಗ್ಬೇಕು ಅಂತ. ಆ ಒಂದು ಮಾತು ಹಿಡ್ಕೊಂಡೇ ಎರಡು ವರ್ಷ ಜೀವ ಇಟ್ಕೊಂಡಿದ್ರು."

ನಾನು ತಲೆಯಾಡಿಸಿದೆ. ಆಗಲೂ ನಿಜ ಹೇಳಲಿಲ್ಲ.