ನಡುದಾರಿಯಲ್ಲಿ ನುಗ್ಗಿದ ಕಡಲು

ಕಳೆದ ವಾರ ಮರವಂತೆಯ ಗಿರಿಜಕ್ಕನ ಅಡುಗೆಕೋಣೆಯ ಗೋಡೆ ಬಿತ್ತು. ಬೀಳಿಸಿದ್ದು ಕಡಲು. ಅದಕ್ಕೆ ದಾರಿ ಮಾಡಿಕೊಟ್ಟವನು ನಾನು.

ಉತ್ಪ್ರೇಕ್ಷೆಯಲ್ಲ. ಎರಡು ವರ್ಷದ ಹಿಂದೆ ಅಲ್ಲಿನ ಕಡಲ ತಡಿಯಲ್ಲಿ ಮೀಟಿಂಗ್ ನಡೆದಿತ್ತು, ನನ್ನನ್ನೂ ಕರೆದಿದ್ದರು. ಮನೆ ಉಳಿಯಬೇಕು, ದಡದುದ್ದಕ್ಕೂ ಕಲ್ಲು ಹಾಕಿ ಎಂದು ಕೆಲವರು. ಕಲ್ಲು ಹಾಕಿದರೆ ದೋಣಿ ಎಳೆಯಲು ಮರಳೇ ಇರುವುದಿಲ್ಲ, ಬೇಡ ಎಂದು ಉಳಿದವರು. ಮಾತು ಏರಿತು. ಯಾರೋ "ಮೇಷ್ಟ್ರು ಹೇಳ್ಲಿ" ಎಂದರು.

ಮೂವತ್ತು ವರ್ಷ ಕಾಲೇಜಿನಲ್ಲಿ ಡಯಲೆಕ್ಟಿಕ್ಸ್ ಪಾಠ ಮಾಡಿದವನಲ್ಲವೆ ನಾನು? ಒಂದು ವಾದ, ಅದಕ್ಕೊಂದು ಪ್ರತಿವಾದ, ಎರಡೂ ಗುದ್ದಾಡಿ ಹುಟ್ಟುವ ಸಮನ್ವಯ. (ಪರೀಕ್ಷೆಯಲ್ಲಿ ಹತ್ತು ಅಂಕದ ಪ್ರಶ್ನೆ.) "ಕಲ್ಲು ಹಾಕುವ, ನಡುವೆ ದೋಣಿಗೆ ದಾರಿ ಬಿಡುವ" ಎಂದೆ. ಎಲ್ಲರೂ ಕೈ ಎತ್ತಿದರು. ದಾರಿ ಬಿಟ್ಟದ್ದು ಗಿರಿಜಕ್ಕನ ಮನೆಯೆದುರು. ಅವರ ಗಂಡ ಗೋಪಾಲಣ್ಣನ ದೋಣಿ ಇಳಿಯುತ್ತಿದ್ದುದೂ ಅಲ್ಲೇ.

ಈ ಮಳೆಗಾಲದಲ್ಲಿ ಕಲ್ಲಿಗೆ ಬಡಿದ ತೆರೆಗಳೆಲ್ಲ ಆ ಸಂದಿಗೇ ತಿರುಗಿದವು.

ಸುದ್ದಿ ಕೇಳಿ ಕೋಟದಿಂದ ಬಸ್ಸು ಹತ್ತಿದೆ. ಬೈದರೆ ಬೈಸಿಕೊಳ್ಳುವುದೆಂದು ನಿಶ್ಚಯಿಸಿದ್ದೆ. ಗಿರಿಜಕ್ಕ ಮರಳಿನಲ್ಲಿ ಹೂತ ಪಾತ್ರೆಗಳನ್ನು ತೆಗೆಯುತ್ತಿದ್ದರು.

"ತಪ್ಪಾಯ್ತ್ ಗಿರಿಜಕ್ಕ. ಆ ದಾರಿ ಮುಚ್ಚುಕೆ ನಾನೇ ಅರ್ಜಿ ಬರಿತೆ."

"ಮುಚ್ಚಿರೆ ಇವ್ರ್ ದೋಣಿ ಎಲ್ಲಿ ಇಳ್ಸುದ್ ಮೇಷ್ಟ್ರೇ? ನಾವ್ ಉಂಬುದ್ ಎಂತ?"

"ಹಂಗಾರೆ ಹೀಂಗೇ ಇರ್ಲಿಯಾ?"

"ಹೀಂಗೇ ಇದ್ರೆ ಮನಿ ಉಳಿತ್ತಾ?"

"ಮತ್ತೆಂತ ಮಾಡುದ್?"

"ನಂಗೊತ್ತಿಲ್ಲ. ನಿಮ್ಗೂ ಗೊತ್ತಿಲ್ಲ. ಈಗ ಈ ಹಂಡಿ ಒಂದ್ ಬದಿ ಹಿಡ್ಕಣಿ, ಜಗ್ಲಿ ಮೇಲ್ ಇಡುವ."

ಹಿಡಿದೆ. ಸಂಜೆಯವರೆಗೂ ಸಾಮಾನು ಹೊತ್ತೆವು. ಗೋಪಾಲಣ್ಣ ಜಗಲಿಯ ಮೂಲೆಯಲ್ಲಿ ಮೂರು ಕಲ್ಲಿಟ್ಟು ಒಲೆ ಹೂಡಿದರು. "ನಿಮ್ದೊಬ್ರದ್ದೇ ತಪ್ಪಲ್ಲ. ಅವತ್ತ್ ಕೈ ಎತ್ತಿದ್ದ್ ನಾವೂ ಹೌದ್" ಎಂದರು. ಬೈದಿದ್ದರೆ ವಾಸಿಯಿತ್ತು.

ಎಲ್ಲಿ ಎಡವಿದೆ? ಜಗಳ ಎರಡು ಗುಂಪಿನದು ಎಂದುಕೊಂಡಿದ್ದೆ. ಅದು ಒಂದೇ ಮನೆಯೊಳಗಿತ್ತು. ಕಲ್ಲು ಬೇಕೆಂದವರು ಗಿರಿಜಕ್ಕ, ಬೇಡವೆಂದವರು ಗೋಪಾಲಣ್ಣ. ಇಬ್ಬರೂ ಉಣ್ಣುವುದು ಒಂದೇ ಅನ್ನ, ಅದನ್ನು ಕೊಡುವುದೂ ಈ ಕಡಲೇ. ಎರಡು ಮಾತು ಕಿವಿಗೆ ಬಿದ್ದ ಕೂಡಲೇ ನಾನು ಮೂರನೆಯದನ್ನು ಹುಟ್ಟಿಸಿದೆ. ಆಟಿ ತಿಂಗಳ ಮಳೆಗಾಲದ ತೆರೆ ಯಾವ ಕಡೆ ತಿರುಗುತ್ತದೆಂದು ಅಲ್ಲಿದ್ದ ಹಿರಿಯರನ್ನು ಒಂದು ಮಾತು ಕೇಳಲಿಲ್ಲ. ಇಷ್ಟಕ್ಕೂ ಎಲ್ಲ ವಿರೋಧಗಳೂ ಕರಗಲೇಬೇಕೆ? ಕೆಲವನ್ನು ಜನ ಬದುಕಿಡೀ ಹೊತ್ತುಕೊಂಡೇ ನಡೆಯುತ್ತಾರೆ. ಅವರಿಗೆ ಬೇಕಾದದ್ದು ಸಿದ್ಧಾಂತವಲ್ಲ, ಹಂಡೆಯ ಇನ್ನೊಂದು ಬದಿ ಹಿಡಿಯುವ ಕೈ.

ಮಳೆ ಇಳಿದ ಮೇಲೆ ಗೋಪಾಲಣ್ಣ ಅದೇ ದಾರಿಯಲ್ಲಿ ಕಡಲಿಗೆ ಹೋಗುತ್ತಾರೆ. ಸದ್ಯಕ್ಕೆ ಗಿರಿಜಕ್ಕ ಜಗಲಿಯಲ್ಲೇ ಅಡುಗೆ ಮಾಡುತ್ತಾರೆ. ಗೋಡೆ ಮತ್ತೆ ಕಟ್ಟುವ ಮಾತನ್ನು ಅವರಿನ್ನೂ ಎತ್ತಿಲ್ಲ.

ತುಂಬಿದ ಸಭೆಯಲ್ಲಿ ಎದ್ದು ನಿಂತು "ನನಗೆ ಗೊತ್ತಿಲ್ಲ" ಎನ್ನುವುದನ್ನು ನಮ್ಮಂಥ ಓದಿದವರಿಗೆ ಯಾವ ಕಾಲೇಜಿನಲ್ಲಿ ಕಲಿಸುತ್ತಾರೆ?