ಬಾವಿಕಟ್ಟೆಗೆ ಬಂದ ಗಿರಣಿಯ ಕೈಮಾತು

ಗೋಕಾಕದ ಈ ಓಣಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಬಾವಿಕಟ್ಟೆಯ ಪಕ್ಕ ಕಾಶೆವ್ವ ಒಂಬತ್ತು ವರ್ಷದ ಸುಂದ್ರವ್ವನ ಎದುರು ನಿಂತು ಕೊಡ ತಟ್ಟುತ್ತಾಳೆ, ಅಂಗೈಯನ್ನು ಎದೆಗಿಟ್ಟುಕೊಳ್ಳುತ್ತಾಳೆ, ಹಿಂದಕ್ಕೆ ಬೆರಳು ತೋರಿಸುತ್ತಾಳೆ. ನಿಮ್ಮದಾದ ಮೇಲೆ ನನ್ನ ಪಾಳಿ ಎಂದು ಅದರ ಅರ್ಥ. ಹುಟ್ಟಿನಿಂದ ಕಿವಿ ಕೇಳದ ಹುಡುಗಿ ಹಾಗೇ ಮಾಡಿ ತೋರಿಸುತ್ತಾಳೆ.

ಕಾಶೆವ್ವ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ತುಕ್ಕಾನಟ್ಟಿಯಿಂದ ಸೊಸೆಯಾಗಿ ಬಂದು, ಗಂಡ ತೀರಿಕೊಂಡ ಮೇಲೆ ನೂಲಿನ ಗಿರಣಿ ಸೇರಿದವಳು. ಹಾಗಾದರೆ ಈ ವಿದ್ಯೆ ಎಲ್ಲಿಂದ ಬಂತು? ನೋಡಲು ಬಂದ ನಾನು ಕೇಳಿದರೆ ನಗುತ್ತಾಳೆ. “ಯಂತ್ರದ ಸಪ್ಪಳದಾಗ ನಾವೆಲ್ಲಾರೂ ಕಿವುಡರ ರೀ. ನೀರು ಬೇಕು, ನೂಲು ಹರೀತು, ಮಗಳು ಹಡದ್ಲು, ಎಲ್ಲಾ ಕೈಯಾಗ ಹೇಳ್ತೇವಿ. ಈ ಕೂಸು ಮಾತಿಲ್ಲದ ಒದ್ದಾಡೂದು ನೋಡಿ, ನಮ್ಮ ಮಾತು ಇದಕ್ಯಾಕ ಕೊಡಬಾರದು ಅನಿಸ್ತು.” ಈಗ ಮೂಡಲಗಿ ಕಡೆಯಿಂದಲೂ ತಾಯಂದಿರು ಇಂಥ ಮಕ್ಕಳನ್ನು ಕರೆತರುತ್ತಾರೆ.

ಆದರೆ ಹೋದ ವಾರ ಎಡವಟ್ಟಾಯಿತು. ಕೂಗಿದರೆ ಕೇಳಿಸದ ಗಿರಣಿಯಲ್ಲಿ ಮಾತು ಶುರುವಾಗುವುದೇ ಹಿಂದಿನಿಂದ ಹೆಗಲು ಮುಟ್ಟಿ. ಸುಂದ್ರವ್ವನೂ ಹಾಗೇ ಕಲಿತಿದ್ದಳು. ಪೂಜೆಗೆಂದು ಮಡಿಯಲ್ಲಿ ನೀರು ಹೊತ್ತು ಹೊರಟಿದ್ದ ಹಿರಿಯಾಕೆ ಭರಮವ್ವನ ಹೆಗಲು ಮುಟ್ಟಿಬಿಟ್ಟಳು! ಕೊಡದ ನೀರೆಲ್ಲ ಮಣ್ಣುಪಾಲು, ಭರಮವ್ವನಿಗೆ ಮತ್ತೆ ಸ್ನಾನ, ಓಣಿ ತುಂಬ ರಂಪ. ತಾಯಿಯಿಲ್ಲದ ಹುಡುಗಿಯನ್ನು ತಂದೆ ಸಾತಪ್ಪ ಕೈಮಾತು ಕಲಿಯುವ ಮೊದಲಿನಂತೆ ಮನೆಯಲ್ಲಿ ಕೂಡಿಹಾಕಿ ಚಿಲಕ ಜಡಿದ.

“ನಾ ಚಕ್ಕಡಿ ಹೊಡ್ಯಾಕ ಹೋದ್ರ ಇಕಿನ್ನ ಕಾಯೋರು ಯಾರ್ರಿ? ಇವತ್ತೊಂದು ದಿನ ನೋಡ್ತೇನಿ. ಮತ್ತ ಜಗಳಾದ್ರ ಬಾಗಲಾ ಹಾಕೂದ ಖರೆ,” ಎನ್ನುತ್ತಾನೆ. ಕೆಟ್ಟವನಲ್ಲ, ಹೆದರಿದ್ದಾನೆ.

“ತಪ್ಪು ನಂದ ರಿ,” ಎನ್ನುತ್ತಾಳೆ ಕಾಶೆವ್ವ. “ಗಿರಣ್ಯಾಗ ಮಡಿ ಎಲ್ಲಿ ಬಂತು? ಬಾವಿಗೆ ಬ್ಯಾರೆ ರೀತಿ ಬೇಕು, ಮುಂದ ಬಂದು ನಿಂದರಬೇಕು. ಓಣಿಯವರಿಗೂ ಕಲಿಸಬೇಕಿತ್ತು.”

ಅಷ್ಟರಲ್ಲಿ ಭರಮವ್ವ ಬರುತ್ತಾಳೆ. ಸುಂದ್ರವ್ವ ಮಾರು ದೂರದಲ್ಲಿ, ಎದುರಿಗೆ ನಿಂತು ಕೊಡ ತಟ್ಟುತ್ತಾಳೆ, ಎದೆ ಮುಟ್ಟಿಕೊಳ್ಳುತ್ತಾಳೆ, ಹಿಂದಕ್ಕೆ ಬೆರಳು ಮಾಡುತ್ತಾಳೆ. ಭರಮವ್ವ ಹುಬ್ಬು ಗಂಟಿಕ್ಕಿ ನೋಡುತ್ತಾಳೆ. ನೀರು ಸೇದುತ್ತಾಳೆ. ಕೊಡ ತುಂಬಿದ ಮೇಲೆ ಪಕ್ಕಕ್ಕೆ ಸರಿದು, ಕೈಬೀಸಿ ಹುಡುಗಿಯನ್ನು ಕರೆಯುತ್ತಾಳೆ. ದೂರದಲ್ಲಿ ನಿಂತಿದ್ದ ಸಾತಪ್ಪ ಚಿಲಕದ ಗೊಡವೆಗೇ ಹೋಗದೆ ಎತ್ತು ಹೂಡಲು ಹೊರಡುತ್ತಾನೆ. ನನಗೆ ಹಿಡಿಸಲಾರದಷ್ಟು ಸಂತೋಷ.

ಕೆಲಸಕ್ಕೆ ಹೊತ್ತಾಯಿತೆಂದು ಕಾಶೆವ್ವ ಸೆರಗು ಕಟ್ಟಿ ಓಡುವಾಗ ಭರಮವ್ವ ತಡೆಯುತ್ತಾಳೆ. “ಕಾಶೆವ್ವಾ, ಉಂಡೀ ಏನ ಅಂತ ಕೈಯಾಗ ಹೆಂಗ ಕೇಳೂದ?”

“ನನ್ನ ಯಾಕ ಕೇಳ್ತೀರಿ? ಸುಂದ್ರವ್ವನ್ನ ಕೇಳ್ರಿ. ಕಲಿಸ್ತಾಳ.”