ಎದುರಾಳಿ ಸೀಟಿನಲ್ಲಿ ರೈನೋ

ನಮ್ಮ ಕಿವೆಲಾ ಊರಿನಲ್ಲಿ ರೈನೋ ಟೆರ್ವೋಲಾನಿಗೆ ಅಪಶಕುನ ಎಂದು ಹೆಸರಿಟ್ಟವರು ಓದುಬರಹ ಬಾರದವರಲ್ಲ. ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಪಾಠ ಹೇಳುವ ಪ್ರೊಫೆಸರ್ ಗೋರ್ಡನ್ ಟ್ರೆವಾರೋ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಹೇಳಹೋದರೆ ಸಿಟ್ಟಿಗೆ ನನ್ನ ನಾಲಿಗೆ ಹಿಡಿತಕ್ಕೆ ಸಿಗುವುದಿಲ್ಲ.

ರೈನೋ ನಮ್ಮ ಪಕ್ಕದ ಮನೆಯವನು. ಊರಿನ ರಸ್ತೆಗಳ ಹಿಮ ತಳ್ಳುವ ಲಾರಿ ಓಡಿಸಿ ನಿವೃತ್ತನಾದವನು. ಸುಪೀರಿಯರ್ ಸರೋವರದ ಕಡೆಯಿಂದ ಗಾಳಿ ಎದ್ದು ಮನೆಬಾಗಿಲು ಮುಚ್ಚುವಷ್ಟು ಹಿಮ ಬಿದ್ದರೂ, ‘ಸ್ವಲ್ಪ ಬಿದ್ದಿದೆ’ ಎನ್ನುವುದು ಬಿಟ್ಟರೆ ಅವನ ಬಾಯಿಂದ ಬೇರೆ ಮಾತಿಲ್ಲ. ಇಬ್ಬರ ಪಾಲಿನ ಮಾತನ್ನೂ ಹೆಂಡತಿ ಐಲಿಯೇ ಆಡುತ್ತಾಳೆ. ಮೊಮ್ಮಗಳು ಕಾಯ್ಸಾ ಕಾಲೇಜಿನ ಹುಡುಗಿಯರ ಐಸ್ ಹಾಕಿ ತಂಡದಲ್ಲಿ ರಕ್ಷಣೆಗೆ ನಿಲ್ಲುವವಳು. ಗೋಲು ಹೊಡೆದು ಹೆಸರು ಮಾಡುವ ಜಾಗವಲ್ಲ ಅದು. ಏಟು ತಿಂದು, ಬಿದ್ದು, ಎದ್ದು, ಬಂದವರನ್ನು ತಡೆಯುವ ಜಾಗ. ಅವಳ ಆಟ ಒಂದನ್ನೂ ರೈನೋ ತಪ್ಪಿಸಿದವನಲ್ಲ. ಈ ವರ್ಷ ಅವಳ ಓದು ಮುಗಿಯುವುದಿತ್ತು, ಅದರ ಜೊತೆ ಆಟವೂ.

ಆಗ ಆ ಆಟ ನೋಡಲು ಬರುತ್ತಿದ್ದವರಾದರೂ ಯಾರು? ಹುಡುಗಿಯರ ಅಪ್ಪ ಅಮ್ಮಂದಿರು, ರೈನೋ, ದಾರಿ ತಪ್ಪಿ ಬಂದ ಒಬ್ಬಿಬ್ಬರು. ನಮ್ಮೂರಿಗೆ ಹಾಕಿ ಎಂದರೆ ಪ್ರಾಣ, ಆದರೆ ಗಂಡುಹುಡುಗರ ಹಾಕಿ. ಹುಡುಗಿಯರ ವಿಷಯ ಬಂದರೆ ‘ಪಾಪ, ಆಡಿಕೊಳ್ಳಲಿ ಬಿಡಿ’ ಎನ್ನುತ್ತಿದ್ದರು. ತಂಡ ಸೋಲುತ್ತಲೇ ಇತ್ತು, ರೈನೋ ನೋಡುತ್ತಲೇ ಇದ್ದ.

ಜನವರಿಯಲ್ಲಿ ಅವನ ಮಂಡಿಗೆ ಆಪರೇಷನ್ ಆಯಿತು. ಅವನು ಹಾಸಿಗೆ ಹಿಡಿದ, ತಂಡ ಗೆಲ್ಲತೊಡಗಿತು. ಅದೇ ತಿಂಗಳು ಒಬ್ಬ ಒಳ್ಳೆಯ ಗೋಲ್‌ಕೀಪರ್ ತಂಡ ಸೇರಿದ್ದಳು ಎಂಬುದು ಯಾರ ತಲೆಗೂ ಹೋಗಲಿಲ್ಲ. ಫೆಬ್ರವರಿಯಲ್ಲಿ ಕೋಲೂರಿಕೊಂಡು ಒಂದು ಆಟಕ್ಕೆ ಹೋದ, ಆವತ್ತೇ ಸೋತರು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು. ಅಷ್ಟರಲ್ಲಿ ಊರಿಗೆ ಊರೇ ಗೆದ್ದೆತ್ತಿನ ಬಾಲ ಹಿಡಿದಾಗಿತ್ತು. ಒಬ್ಬ ಹುಡುಗಿಯ ಹೆಸರೂ ಗೊತ್ತಿಲ್ಲದವರು ಮುಖಕ್ಕೆ ತಂಡದ ಕೆಂಪು ಬಳಿದುಕೊಂಡು ಅಂಗಡಿಗೆ ಹೋಗತೊಡಗಿದರು. ಗೆಲುವು ಕೈಬಿಟ್ಟೀತೆಂದು ಗಂಡಸರು ಗಡ್ಡ ತೆಗೆಯುವುದನ್ನು ಬಿಟ್ಟರು. ಪಾದ್ರಿಗಳು ಗೆದ್ದ ದಿನ ತೊಟ್ಟಿದ್ದ ಕಾಲುಚೀಲ ಒಗೆಯುವುದನ್ನು ಬಿಟ್ಟರು. ಚರ್ಚಿನ ಮುಂದಿನ ಸಾಲು ಖಾಲಿಯಾಯಿತು.

ಒಂದು ಸಂಜೆ ಪ್ರೊಫೆಸರೂ ಪಾದ್ರಿಗಳೂ ರೈನೋನ ಮನೆಗೆ ಬಂದರು. ನಾನೂ ಅಲ್ಲೇ ಕಾಫಿ ಕುಡಿಯುತ್ತ ಕೂತಿದ್ದೆ.

“ತಪ್ಪು ತಿಳ್ಕೋಬೇಡಿ ರೈನೋ ಅವರೇ,” ಎಂದರು ಪ್ರೊಫೆಸರು. “ನಾನು ಮೂಢನಂಬಿಕೆಯವನಲ್ಲ. ಆದ್ರೆ ನೀವು ಬಂದ್ರೆ ಸೋಲು, ಬರದಿದ್ರೆ ಗೆಲುವು. ಅಂಕಿಅಂಶ ಸುಳ್ಳು ಹೇಳಲ್ಲ ನೋಡಿ.”

ಐಲಿ ಕಾಫಿ ಪಾತ್ರೆಯನ್ನು ಮೇಜಿನ ಮೇಲೆ ಕುಕ್ಕಿದಳು. “ನೀವು ಪಾಠಕ್ಕೆ ಬಂದ್ಮೇಲೆ ಕಾಲೇಜಲ್ಲಿ ಫೇಲಾಗೋರೂ ಜಾಸ್ತಿ ಆಗಿದಾರಂತೆ ಸ್ವಾಮಿ. ಒಂದ್ ವರ್ಷ ನೀವೂ ಮನೇಲಿದ್ದು ನೋಡ್ಬಾರ್ದಾ?”

“ಐಲಿ ಅಮ್ಮಾ, ಊರಿನ ಒಳ್ಳೇದಕ್ಕೆ ಕೇಳ್ತಿದೀವಿ,” ಎಂದರು ಪಾದ್ರಿಗಳು.

“ಆಯಸ್ಸೆಲ್ಲಾ ಈ ಊರಿನ ಹಿಮ ತಳ್ಳಿದ. ಈಗ ಊರು ಇವನನ್ನೇ ತಳ್ತಾ ಇದೆ.”

ರೈನೋ ಕೇಳಿದ್ದು ಒಂದೇ: “ಟೀವೀಲಿ ನೋಡ್ಬಹುದಾ?”

ಪ್ರೊಫೆಸರು ಗಡ್ಡ ತುರಿಸಿಕೊಂಡು, “ಅದೂ ಬೇಡ ಅನ್ಸುತ್ತೆ,” ಎಂದರು.

ಅಂದಿನಿಂದ ಆಟದ ಹೊತ್ತಿಗೆ ರೈನೋ ಹಿತ್ತಲಿನಲ್ಲಿದ್ದ ಸೌನಾ ಎಂಬ ಹಬೆಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂರತೊಡಗಿದ. ಮೈ ಅಲ್ಲಿ ಬೇಯುತ್ತಿತ್ತು, ಮನಸ್ಸು ಐಸಿನ ಮೇಲಿರುತ್ತಿತ್ತು. ಹೊರಗೆ ಬಂದವನೇ ಐಲಿಯನ್ನು, “ಕಾಯ್ಸಾಗೆ ಪೆಟ್ಟಾಯ್ತಾ?” ಎಂದು ಕೇಳುತ್ತಿದ್ದ. ಗೆದ್ದರೋ ಸೋತರೋ ಎಂದು ಕೇಳಿದ್ದು ನನಗಂತೂ ನೆನಪಿಲ್ಲ.

ಮಾರ್ಚಿನಲ್ಲಿ ನಮ್ಮ ಹುಡುಗಿಯರು ರಾಷ್ಟ್ರೀಯ ಚಾಂಪಿಯನ್‌ಷಿಪ್‌ನ ಕೊನೆಯ ನಾಲ್ಕು ತಂಡಗಳಲ್ಲಿ ಒಂದಾಗಿ ಮಿನಿಯಾಪೊಲಿಸ್‌ಗೆ ಹೋದರು. ಊರು ಬಸ್ಸುಗಳನ್ನು ಮಾಡಿಕೊಂಡು ಅವರ ಬೆನ್ನು ಹತ್ತಿತು. ಶುಕ್ರವಾರ ಸೆಮಿಫೈನಲ್ ಗೆದ್ದಾಯಿತು. ಶನಿವಾರ ಬೆಳಿಗ್ಗೆ ನಾನು ರೈನೋನ ಮನೆಯಲ್ಲಿದ್ದಾಗ ಪ್ರೊಫೆಸರರ ಫೋನು ಬಂತು. ಅವರ ಕೂಗು ಅಡುಗೆಮನೆಗೆಲ್ಲ ಕೇಳುತ್ತಿತ್ತು.

“ರೈನೋ ಅವರೇ, ಒಂದು ಉಪಾಯ ಹೊಳೀತು! ನೀವು ಯಾರ ಕಡೆ ಇದ್ರೆ ಅವ್ರು ಸೋಲ್ತಾರೆ ತಾನೆ? ನಾಳೆ ಫೈನಲ್‌ಗೆ ಬನ್ನಿ. ಎದುರಾಳಿ ಆಷ್‌ಗ್ರೋವ್ ಕಾಲೇಜಿನವರ ಮಧ್ಯೆ ಸೀಟು ಹಿಡಿದಿದೀನಿ. ಅವ್ರ ಹಸಿರು ಅಂಗಿ ಹಾಕ್ಕೊಂಡು ಅವ್ರಿಗೇ ಜೈ ಅನ್ನಿ!”

“ಫೋನ್ ಇಡು,” ಎಂದಳು ಐಲಿ. “ಒಂಚೂರು ಮಾನ ಇದ್ರೆ ಇಡು.”

“ಅವಳ ಕೊನೇ ಆಟ ಐಲಿ,” ಎಂದ ರೈನೋ. “ಅಂಗಿ ಯಾವ ಬಣ್ಣ ಆದ್ರೇನು, ನೋಡೋದು ಕಣ್ಣು ತಾನೆ?”

ಕಾರು ಓಡಿಸಿದವಳು ನಾನು. ಕ್ರೀಡಾಂಗಣದ ಬಾಗಿಲಲ್ಲೇ ಪ್ರೊಫೆಸರು ಅವನಿಗೆ ಹಸಿರು ಅಂಗಿ ತೊಡಿಸಿ, ಮದುವೆಗಂಡನ ಹಾಗೆ ಹಿಂದೆ ಮುಂದೆ ತಿರುಗಿಸಿ ನೋಡಿ, ಆ ಕಡೆಗೆ ಕಳಿಸಿದರು. ನಾನೂ ಐಲಿಯೂ ಕೆಂಪಿನವರ ಜೊತೆ ಕೂತೆವು. ಪ್ರೊಫೆಸರರ ಕಣ್ಣಿಗೆ ದುರ್ಬೀನು. ಅದು ಆಟ ನೋಡುವುದಕ್ಕಲ್ಲ, ರೈನೋನನ್ನು ಕಾಯುವುದಕ್ಕೆ.

“ಚಪ್ಪಾಳೆ ತಟ್ಟಿದಾರೆ, ಆದ್ರೆ ಉತ್ಸಾಹ ಸಾಲದು,” ಎಂದು ಅವರು ಗೊಣಗುತ್ತಿದ್ದರು. ಆಷ್‌ಗ್ರೋವ್ ಗೋಲು ಹೊಡೆದಾಗ ಪಕ್ಕದ ಹೆಂಗಸೊಬ್ಬಳು ರೈನೋನನ್ನು ಅಪ್ಪಿಕೊಂಡಳು. ಇನ್ನು ಅವನು ಪೂರ್ತಿ ಆ ಕಡೆಯವನಾದನೆಂದು ನಮ್ಮ ಊರಿನವರು ಎದ್ದು ನಿಂತು ಸಂತೋಷಪಟ್ಟರು. ಎದುರಾಳಿಯ ಗೋಲಿಗೆ ಹಬ್ಬ ಮಾಡಿದ ಊರು ಬೇರೆ ಇದ್ದರೆ ನನಗೆ ತಿಳಿಸಿ.

ಮೂರು ಸುತ್ತು ಮುಗಿದಾಗ ಸಮ ಸಮ. ಇನ್ನು ಮೊದಲು ಗೋಲು ಹೊಡೆದವರಿಗೇ ಗೆಲುವು. ಹಸಿರಿನವಳೊಬ್ಬಳು ಬೀಸಿ ಹೊಡೆದ ರಬ್ಬರ್ ಬಿಲ್ಲೆಗೆ ಕಾಯ್ಸಾ ಮೈಯನ್ನೇ ಒಡ್ಡಿದಳು. ಪಕ್ಕೆಗೆ ಬಡಿಯಿತು, ಕುಸಿದಳು. ಜನವೆಲ್ಲ ಉಸಿರು ಬಿಗಿಹಿಡಿದಿದ್ದಾಗ ಹಸಿರಿನ ನಟ್ಟನಡುವೆ ಒಬ್ಬ ಮುದುಕ ಎದ್ದು ನಿಂತು, “ಕಾಯ್ಸಾ! ನನ್ನ ಕಂದಾ!” ಎಂದು ಕೂಗಿದ. ಹಿಮಪಾತವನ್ನೇ ‘ಸ್ವಲ್ಪ’ ಎನ್ನುವ ಮನುಷ್ಯನ ಗಂಟಲಿನಲ್ಲಿ ಅಷ್ಟು ದನಿ ಇತ್ತೆಂದು ಐಲಿಗೂ ಗೊತ್ತಿರಲಿಲ್ಲ.

ಕಾಯ್ಸಾ ಎದ್ದಳು. ಎದ್ದು ಆಡಿದಳು. ಸ್ವಲ್ಪ ಹೊತ್ತಿಗೆ ಹಸಿರಿನವಳೊಬ್ಬಳು ಅವಳನ್ನು ದಾಟಿ ಮುನ್ನುಗ್ಗಿ ಗೋಲು ಹೊಡೆದಳು. ನಾವು ಸೋತೆವು.

ಹೊರಗೆ ಬಸ್ಸುಗಳ ಹತ್ತಿರ ಊರು ರೈನೋನನ್ನು ಸುತ್ತುಗಟ್ಟಿತು. “ಎಲ್ಲಾ ಸರಿಯಾಗೇ ಇತ್ತು,” ಎಂದರು ಪ್ರೊಫೆಸರು. “ಕೊನೇಲಿ ಕೂಗಿದ್ರಲ್ಲ, ಅಲ್ಲೇ ಕೆಟ್ಟಿದ್ದು. ಅಂಗಿ ಆ ಕಡೆ, ಮನಸ್ಸು ಈ ಕಡೆ. ಹೌದೋ ಅಲ್ವೋ?”

“ಹೌದು,” ಎಂದ ರೈನೋ.

ಅಷ್ಟರಲ್ಲಿ ಕಾಯ್ಸಾ ಪಕ್ಕೆ ಹಿಡಿದುಕೊಂಡು ಬಂದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

“ಆ ಗೋಲು ಬಿಟ್ಟಿದ್ದು ನಾನು ಸಾರ್, ಅಜ್ಜ ಅಲ್ಲ. ನಾವು ಸೋತಿದ್ದೂ ಅಜ್ಜ ಬಂದಿದ್ದಕ್ಕೆ, ಗೆದ್ದಿದ್ದೂ ಅಜ್ಜ ಬರದೇ ಇದ್ದಿದ್ದಕ್ಕೆ. ಹಾಗಾದ್ರೆ ಐಸ್ ಮೇಲೆ ನಾವು ಹುಡುಗೀರು ಏನ್ ಮಾಡ್ತಿದ್ವಿ ಹೇಳಿ?”

ಪ್ರೊಫೆಸರು ದುರ್ಬೀನನ್ನು ಚೀಲಕ್ಕೆ ತುರುಕಿಕೊಂಡರು. ಜನ ಒಬ್ಬೊಬ್ಬರಾಗಿ ಬಸ್ಸು ಹತ್ತಿದರು. ಅಷ್ಟೊತ್ತೂ ಕಾಯ್ಸಾಳ ಕಣ್ಣಲ್ಲಿ ಒಂದು ಹನಿ ನೀರಿರಲಿಲ್ಲ.

ರೈನೋ ಅವಳ ಆಟದ ಚೀಲ ತೆಗೆದುಕೊಂಡ. “ಎರಡನೇ ಸುತ್ತಲ್ಲಿ ಹಿಂದಕ್ಕೇ ಜಾರ್ಕೊಂಡು ಬಂದು ಆ ಎತ್ತರದ ಹುಡುಗೀನ ಗೋಡೆಗೆ ಒತ್ತಿ ನಿಲ್ಲಿಸಿದ್ಯಲ್ಲ,” ಎಂದ, “ಅದನ್ನ ನೋಡ್ದೆ ಕಣೇ.”

ಆಗ ಅವಳು ಅತ್ತಳು.